ಗುದ್ಲೆಪ್ಪ ಬದಲಿ ತಂದದ್ದು

ಹೂಂಗುಟ್ಟೋರಿದ್ದರೆ ಹೇಳ್ತೀನಿ. ನಿದ್ದೆ ಬಂದೋರು ಈಗಲೇ ಎದ್ದು ಹೋಗ್ರಿ, ನಡುವೆ ಆಕಳಿಸಿದರೆ ನನಗೆ ಸಿಟ್ಟು ಬರ್ತದೆ.

ನೀಲವ್ವನಿಗೆ ಒಬ್ಬ ಮಗ, ಗುದ್ಲೆಪ್ಪ. ಆಳೆತ್ತರ ದೇಹ, ಮೊಣಕಾಲ ಕೆಳಗೆ ಬುದ್ಧಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ. "ಎಂಥಾ ಮಗನ್ನ ಹಡದೆ ನಮ್ಮವ್ವಾ!" ಅಂತ ನೀಲವ್ವ ದಿನಾ ಹಣೆ ಹಣೆ ಬಡಕೊಳ್ತಿದ್ದಳು.

ಅವನಪ್ಪ ಸಾಯೋ ಮೊದಲು ಹಳೇ ಆಟೋದ ಎಂಜಿನ್ ಕಿತ್ತುಹಾಕಿ, ಮನೆ ಅಂಗಳದಲ್ಲೇ ಅದಕ್ಕೆ ಕರೆಂಟಿನ ಮೋಟಾರು, ಬ್ಯಾಟರಿ ಕೂರಿಸಿದ್ದ. ಈಗ ಅದನ್ನ ಓಡಿಸೋನು ಗುದ್ಲೆಪ್ಪ. ಅದರ ರಿಪೇರಿ ಗೊತ್ತಿದ್ದೋನು ಊರಲ್ಲಿ ಮೌಲಾಸಾಬ ಒಬ್ಬನೇ.

ಅವತ್ತು ಬೆಳಿಗ್ಗೆ ಆಟೋ ಚಾಲೂ ಆಗಲೊಲ್ಲದು. ಒಳಗೆ ನೀಲವ್ವನ ಮಗಳು ಗಂಗವ್ವ ಹೆರಿಗೆ ನೋವು ತಿನ್ನುತ್ತಿದ್ದಾಳೆ. ಚೊಚ್ಚಲು! ಬೇರೆ ಗಾಡಿ ಇಲ್ಲ. ಮೌಲಾಸಾಬ ಓಡಿ ಬಂದ, ಸೀಟೆತ್ತಿದ.

"ಈ ವೈರು ಸಡ್ಲ ಆಗೈತಿ. ಎಳಿ, ತಿಕ್ಕಿ ಹಾಕೂಣು."

ಗುದ್ಲೆಪ್ಪ ಎಳೆದ. ಚಟಾರ್! ಕಿಡಿ ಹಾರಿ ಮೌಲಾಸಾಬನ ಮೀಸೆ ಚುರುಚುರು ಸುಟ್ಟಿತು.

"ಲೇ ಪೆದ್ದಾ! ಏನರ ಎಳಿಯೂಕಿಂತ ಮೊದಲ ಮೇನ್ ಸ್ವಿಚ್ ಬಂದ್ ಮಾಡಬೇಕು!"

"ಆತು ಕಾಕಾ. ಎಳಿಯೂಕಿಂತ ಮೊದಲ ಬಂದ್."

ವೈರು ಕೂತಿತು, ಗಂಗವ್ವನನ್ನ ಹಿಂದೆ ನೀಲವ್ವನ ಪಕ್ಕ ಕೂರಿಸಿಕೊಂಡು ಆಟೋ ಆಸ್ಪತ್ರೆಗೆ ಹೊರಟಿತು. ರೈಲ್ವೆ ಗೇಟು ಬಂತು. ಹಳಿ ಮೇಲೆ ಹತ್ತೋದಕ್ಕೂ ನೀಲವ್ವ ಚೀರೋದಕ್ಕೂ ಸರಿಹೋಯ್ತು.

"ಗುದ್ಲ್ಯಾ! ಗಂಗಿ ಸೆರಗು ನಿನ್ನ ಸೀಟಿನ ಸಂದ್ಯಾಗ ಸಿಕ್ಕೈತಿ! ಕುತ್ತಿಗಿ ಬಿಗಿಯಾಕತ್ತೈತಿ, ಎಳಿಯೋ!"

ಎಳಿಯೂಕಿಂತ ಮೊದಲ ಏನು? ಬಂದ್! ಸ್ವಿಚ್ ಬಂದ್ ಮಾಡಿದ. ಆಟೋ ಹಳಿಗಳ ನಡುವೆ ನಿಂತಿತು. ಸಾವಕಾಶ ಸೆರಗು ಬಿಡಿಸಿದ. ದೂರದಲ್ಲಿ ರೈಲು ಕೂಗಿತು. ಗೇಟಿನವನು ಬಾವುಟ ಬೀಸುತ್ತಾ ಓಡಿಬಂದ. ಸೈಕಲ್ಲಿನವರು ಸೈಕಲ್ ಎಸೆದು ಓಡಿಬಂದರು. ಎಲ್ಲರೂ ಸೇರಿ ದಬ್ಬಿದರು. ಆಟೋ ದಾಟಿತು, ಹಿಂದೆಯೇ ರೈಲು ಧಡಧಡ ಹೋಯಿತು. ನೀಲವ್ವ ಮಗನ ತಲೆಗೆ ಮೊಟಕಿದಳು.

"ಮನಿಹಾಳಾ! ಇನ್ನ ಎಲ್ಲೂ ನಿಲ್ಲಿಸಬ್ಯಾಡ! ಯಾರು ಕೂಗಿದ್ರೂ ನಿಲ್ಲಿಸಬ್ಯಾಡ!"

"ಆತು ಯವ್ವಾ. ಯಾರು ಕೂಗಿದ್ರೂ."

ಆಸ್ಪತ್ರೆ ಬಂತು. ಆಸ್ಪತ್ರೆ ಹೋಯಿತು!

"ಲೇ, ನಿಲ್ಲಿಸೋ!"

"ಯಾರು ಕೂಗಿದ್ರೂ ನಿಲ್ಲಿಸಬ್ಯಾಡ ಅಂದೀ!"

ಆಸ್ಪತ್ರೆ ಕಾಂಪೌಂಡು ಸುತ್ತಿದ. ಮತ್ತೆ ಸುತ್ತಿದ. ನೀಲವ್ವ ಬೆನ್ನಿಗೆ ಗುದ್ದಿದಳು, ಅತ್ತಳು, ಕೈ ಮುಗಿದಳು. ಗಂಗವ್ವನಿಗೆ ಕೂಗಲಿಕ್ಕೂ ಉಸಿರಿಲ್ಲ. ಮಗಳು ಇಲ್ಲೇ ಕೈಬಿಟ್ಟು ಹೋಗ್ತಾಳೆ ಅಂತ ನೀಲವ್ವನಿಗೆ ಖಾತ್ರಿಯಾಯ್ತು. ಕೊನೆಗೆ ಬ್ಯಾಟರಿಗೇ ಕನಿಕರ ಬಂದು, ಗೇಟಿನೆದುರು ಗಾಡಿ ತಾನಾಗೇ ಸತ್ತಿತು. ನರ್ಸುಗಳು ಗಂಗವ್ವನನ್ನ ಎತ್ತಿಕೊಂಡು ಓಡಿದರು.

ಹೆಣ್ಣು ಕೂಸು ಹುಟ್ಟಿತು. ತಾಯಿ ಉಳಿದಳು. ನೀಲವ್ವ ಕಂಬಕ್ಕೆ ಒರಗಿ ಅತ್ತುಬಿಟ್ಟಳು.

ಗಾಡಿ ನಿಂತ ಸುದ್ದಿ ಕೇಳಿ ಮೌಲಾಸಾಬ ಬಂದು, ಹೊರಗೆ ಮೀಟರು ಹಿಡಿದು ಬ್ಯಾಟರಿಗಳನ್ನ ಒಂದೊಂದೇ ನೋಡಿದ.

"ಎಷ್ಟು ಸಲ ಹೇಳಬೇಕಲೇ? ಸಾಲಿನಾಗ ಒಂದು ವೀಕ್ ಇದ್ರ ಉಳಿದವ್ನೂ ಕೆಡಿಸ್ತದ! ವೀಕ್ ಅಂತ ಗೊತ್ತಾದ ಕೂಡ್ಲೆ ಅದನ್ನ ಕೊಟ್ಟು, ಗಟ್ಟಿದ್ದು ಬದಲಿ ತರಬೇಕು!"

"ಆತು ಕಾಕಾ. ವೀಕ್ ಕೊಟ್ಟು ಗಟ್ಟಿದ್ದು."

ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದಳು. "ಗಂಗವ್ವನ ಕಡೆಯವರು ಯಾರ್ರೀ? ಕೂಸು ಸ್ವಲ್ಪ ವೀಕ್ ಐತಿ, ಕಾಳಜಿ ಮಾಡ್ರಿ."

ಗುದ್ಲೆಪ್ಪ ಬಿರಬಿರನೆ ಒಳಗೆ ಹೋದ.

ನೀಲವ್ವ ಮುಖ ತೊಳೆದು ಬಂದು ನೋಡುತ್ತಾಳೆ: ಮಲಗಿದ ಗಂಗವ್ವನ ಪಕ್ಕ ದಪ್ಪನೆ ಕೂಸು. ಬಟ್ಟೆ ಸರಿಸಿದರೆ ಗಂಡು! ಪಕ್ಕದ ಕೋಣೆಯಿಂದ ಯಾರೋ ಚೀರಿದರು, "ನನ್ನ ಮಗ ಎಲ್ಲಿ?"

ನೀಲವ್ವ ಅಲ್ಲೇ ನಿಂತಿದ್ದ ಮಗನ ರಟ್ಟೆ ಹಿಡಿದಳು. "ಗುದ್ಲ್ಯಾ! ನಮ್ಮ ಕೂಸೆಲ್ಲೋ?"

"ಬಾಜೂಕಿನ ಖೋಲಿ ತೊಟ್ಲಾಗ ಐತಿ ಯವ್ವಾ. ಅದನ್ನ ಕೊಟ್ಟು ಗಟ್ಟಿದ್ದು ತಂದೇನಿ."

ನೀಲವ್ವ ಓಡಿದಳು. ಕೂಸು ತೊಟ್ಟಿಲಲ್ಲಿ ಮುಷ್ಟಿ ಚೀಪುತ್ತಾ ಮಲಗಿತ್ತು. ಎದೆಗವಚಿಕೊಂಡು ಅಲ್ಲೇ ಕುಸಿದು ಕೂತಳು. ನರ್ಸು ಆ ಗಂಡು ಕೂಸನ್ನ ಅದರ ತಾಯಿಗೆ ಒಯ್ದು ಕೊಟ್ಟಳು.

ಅವ್ವ ಬೈಯದೇ ಇದ್ದದ್ದು ನೋಡಿ ಗುದ್ಲೆಪ್ಪನಿಗೆ ಹಿಗ್ಗೋ ಹಿಗ್ಗು. ಹತ್ತಿರ ಬಂದು ಗುಟ್ಟಿನಲ್ಲಿ ಹೇಳಿದ:

"ಎತ್ತೂಕಿಂತ ಮೊದಲ ಬಂದ್ ಮಾಡೂಣಂತ ಭಾಳ ಹುಡುಕಿದೆ ಯವ್ವಾ. ಎರಡಕ್ಕೂ ಸ್ವಿಚ್ಚ ಇಲ್ಲ!"