ತಂಗಿ ಎನ್ನಲೊಲ್ಲದವಳು

"ಗುರುಗಳೇ, ಒಂದು ಸಣ್ಣ ಮಾತಿಗಾಗಿ ಮನೆಯನ್ನೇ ಬಿಡುವುದು ಹಟವಲ್ಲವೇ?"

ಕೇಳಿದವನು ಹೊಸದಾಗಿ ಮದುವೆಯಾಗಿ ಸಂಸಾರ ಹೂಡಿದ್ದ ಶಿಷ್ಯ. ಯಾರ ಮನೆ, ಯಾವ ಮಾತು ಎಂದು ಗುರು ವಿಚಾರಿಸಿದರು.

"ನನ್ನ ತಮ್ಮ ಇನ್ನೊಬ್ಬ ಗಂಡಸಿನೊಡನೆ ಬಾಳುತ್ತಿದ್ದಾನೆ. ಮೊದಲೆಲ್ಲ ಅವನ ಹೆಸರೆತ್ತಿದರೆ ಅಪ್ಪ ಊಟ ಬಿಟ್ಟು ಏಳುತ್ತಿದ್ದರು. ಈಗ ಅವರೇ ಮೆತ್ತಗಾಗಿದ್ದಾರೆ. ಹಬ್ಬಕ್ಕೆ ಇಬ್ಬರೂ ಬರಲಿ, ನೆಂಟರು ಕೇಳಿದರೆ ಗೆಳೆಯ ಅಂದರಾಯಿತು ಎನ್ನುತ್ತಾರೆ. ತಮ್ಮ ಒಪ್ಪುವುದಿಲ್ಲ. ಹಾಗಾದರೆ ನಾವು ಬರುವುದೇ ಇಲ್ಲ ಅಂದ. ಅಪ್ಪ ಇಷ್ಟು ಬಗ್ಗಿದ್ದಾರೆ. ಅವನು ಒಂದು ಮಾತಿನಷ್ಟು ಬಗ್ಗಬಾರದೇ?"

ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಅವಳ ಮನೆಗೆ ಒಬ್ಬ ಉಣ್ಣೆ ನೂಲುವವಳು ಬಂದು ಸೇರಿದಳು. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಮುದುಕಿಯರಾದರು. ಬಳೆಗಾರ್ತಿ ದಿನಾ ದೇವರಿಗೆ ದೀಪ ಹಚ್ಚುತ್ತಿದ್ದಳು. ನೂಲುವವಳು ಯಾವ ದೇವರಿಗೂ ಕೈಮುಗಿಯುತ್ತಿರಲಿಲ್ಲ. ಆದರೆ ದೀಪಕ್ಕೆ ಬತ್ತಿ ಹೊಸೆದು ಇಡುತ್ತಿದ್ದವಳು ಅವಳೇ.

ಬಳೆ ತೊಡಲು ಬಂದ ಹೆಂಗಸರು ಆ ಮನೆಯಲ್ಲಿ ಒಂದೇ ಹಾಸಿಗೆ ಇರುವುದನ್ನು ನೋಡುತ್ತಿದ್ದರು. ಕೊಟ್ಟ ಮಜ್ಜಿಗೆ ಕುಡಿದು, "ಅಕ್ಕತಂಗಿಯರ ಹಾಗೆ ಇದ್ದೀರಿ" ಎಂದು ಹೇಳಿ ಹೋಗುತ್ತಿದ್ದರು. ಮೆಲ್ಲಗೆ 'ಹಾಗೆ' ಎಂಬುದು ಬಿಟ್ಟುಹೋಯಿತು. ನೂಲುವವಳು ಊರಿನ ಬಾಯಲ್ಲಿ ಬಳೆಗಾರ್ತಿಯ ತಂಗಿಯಾದಳು. ಒಬ್ಬರಿಗೊಬ್ಬರು ಏನಾಗಬೇಕೆಂದು ಯಾರೂ ಕೇಳಲಿಲ್ಲ. ಇವರೂ ಹೇಳಲಿಲ್ಲ.

ಒಂದು ದಿನ ಬಳೆಗಾರ್ತಿ ಸತ್ತಳು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮೂರನೆಯ ದಿನ, ಸತ್ತವರಿಗೆ ಇಷ್ಟವಾದದ್ದನ್ನು ಎಲೆಯ ಮೇಲೆ ಎಡೆ ಇಡಬೇಕು. ಇಡುವವರು ಹತ್ತು ಜನರ ಎದುರು ನಿಂತು, ಸತ್ತವರಿಗೆ ತಾವು ಏನಾಗಬೇಕು ಎಂಬುದನ್ನು ಗಟ್ಟಿಯಾಗಿ ಹೇಳಿ ಕರೆಯಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರು ಒಪ್ಪಿದಂತೆ. ಯಾರ ಎಡೆಯನ್ನು ಕಾಗೆ ಮುಟ್ಟಿತೋ, ಸತ್ತವರ ಮನೆ ಅವರದು.

ಬಳೆಗಾರ್ತಿಯ ಮೈದುನನ ಮಗ ಬೇರೆ ಊರಿನಿಂದ ಬಂದಿಳಿದ. ಅವನು ಅವಳ ಮುಖವನ್ನೇ ನೋಡಿದವನಲ್ಲ.

ಮೂರನೆಯ ದಿನ ಬೆಳಿಗ್ಗೆ ಊರ ಯಜಮಾನ ನೂಲುವವಳ ಬಳಿ ಬಂದ. ಅವನು ಕೆಟ್ಟವನಲ್ಲ.

"ತಾಯೀ, ಅವನು ಎಡೆ ಇಡಲು ಬಂದಿದ್ದಾನೆ. ಆದರೆ ನೀನೇ ಇಡಬೇಕು ಎಂದು ಊರಿಗೆಲ್ಲ ಆಸೆ. ನಾನು ಅವನಿಗೆ ಸಮಾಧಾನ ಹೇಳಿ ಕಳಿಸುತ್ತೇನೆ. ನೀನು ಜನರ ಮುಂದೆ ತಂಗಿ ಅಂದುಬಿಡು, ಸಾಕು."

"ತಂಗಿಯಲ್ಲ."

"ಇಷ್ಟು ವರ್ಷ ನಾವೆಲ್ಲ ಹಾಗೇ ಅಂದಿಲ್ಲವೇ?"

"ನೀವು ಅಂದಿರಿ. ನಾವು ಸುಮ್ಮನಿದ್ದೆವು. ಈಗ ನನ್ನ ಬಾಯಿಂದ ಅನ್ನಿಸುತ್ತಿದ್ದೀರಿ."

"ಒಂದು ಮಾತು ತಾಯೀ. ಸತ್ತವಳಿಗೆ ಏನು ಕೇಳಿಸುತ್ತದೆ?"

"ಕೇಳಿಸದಿದ್ದರೆ ಎಡೆ ಇಟ್ಟು ಯಾರನ್ನು ಕರೆಯುತ್ತೀರಿ?"

ಯಜಮಾನ ತಲೆ ಕೆರೆದುಕೊಂಡ. "ನಿನಗಂತೂ ಇದರಲ್ಲೆಲ್ಲ ನಂಬಿಕೆಯಿಲ್ಲ."

"ಅವಳಿಗೆ ಇತ್ತು. ಅದಕ್ಕೇ ಇಡುತ್ತೇನೆ."

"ಇಟ್ಟು ಏನೆಂದು ಕರೆಯುತ್ತೀ?"

"ನನ್ನವಳು ಎಂದು."

"ಆ ಸಂಬಂಧಕ್ಕೆ ನಮ್ಮೂರಲ್ಲಿ ಹೆಸರಿಲ್ಲ."

"ಇಡಿ. ನಿಮ್ಮೂರಲ್ಲಿ ಎಮ್ಮೆಗೂ ಹೆಸರಿಡುತ್ತೀರಿ."

ಯಜಮಾನನಿಗೆ ನಗು ಬಂತು. ಆದರೆ ಅವನು ಒಪ್ಪಲಿಲ್ಲ.

ಊರಿನವರು ಸೇರಿದರು. ಮೈದುನನ ಮಗ ಒಬ್ಬಟ್ಟು, ಪಾಯಸ ಬಡಿಸಿ ಎಲೆ ಇಟ್ಟ. "ದೊಡ್ಡಮ್ಮಾ, ನಾನು ನಿನ್ನ ಮಗ ಬಂದಿದ್ದೇನೆ" ಎಂದು ಕರೆದ. ಜನ ತಲೆದೂಗಿದರು.

ನೂಲುವವಳು ಇನ್ನೊಂದು ಎಲೆ ತಂದು ಅದರ ಪಕ್ಕದಲ್ಲೇ ಹಾಸಿದಳು. ಅದರ ಮೇಲೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಬಳೆಗಾರ್ತಿ ಸಿಹಿ ಮುಟ್ಟುತ್ತಿರಲಿಲ್ಲ. ನೂಲುವವಳು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಕರೆದಳು.

"ನೀನು ನನ್ನವಳು. ನಾನು ನಿನ್ನವಳು. ಬಾ."

ಕಾಗೆ ಬಂತು. ಎರಡೂ ಎಲೆಗಳ ನಡುವೆ ಇಳಿಯಿತು. ಒಬ್ಬಟ್ಟಿಗೆ ಬಾಯಿ ಹಾಕಿತು. ಅದು ಕೂಗಿದ್ದಕ್ಕೆ ಉಳಿದ ಕಾಗೆಗಳೂ ಬಂದವು. ಒಬ್ಬಟ್ಟು ಖಾಲಿಯಾಯಿತು. ಅವು ಪಾಯಸವನ್ನೂ ಚೆಲ್ಲಾಡಿ ತಿಂದವು. ರೊಟ್ಟಿಯನ್ನು ಯಾವ ಕಾಗೆಯೂ ಮೂಸಲಿಲ್ಲ.

"ನೋಡಿದಿರಾ" ಎಂದ ಒಬ್ಬ. "ಕಾಗೆಗೂ ತಿಳಿಯುತ್ತದೆ."

"ಕಾಗೆಗೆ ಒಬ್ಬಟ್ಟು ಇಷ್ಟ ಎಂದು ತಿಳಿಯಿತು" ಎಂದಳು ನೂಲುವವಳು. "ಅವಳಿಗೆ ಇಷ್ಟವಿರಲಿಲ್ಲ."

ಯಜಮಾನ ಅವಳ ಬಳಿ ಬಗ್ಗಿ ಪಿಸುಗುಟ್ಟಿದ. "ಈಗಲೂ ಕಾಲ ಮಿಂಚಿಲ್ಲ. ಆ ಎಲೆ ತೆಗೆ. ನಮ್ಮ ಮನೆಯಿಂದ ಒಬ್ಬಟ್ಟು ತರಿಸುತ್ತೇನೆ. ತಂಗಿ ಎಂದು ಇನ್ನೊಮ್ಮೆ ಕರೆ. ಕಾಗೆ ಬಂದೇ ಬರುತ್ತದೆ. ಅವನನ್ನು ನಾನು ಒಪ್ಪಿಸುತ್ತೇನೆ, ಮನೆ ನಿನಗೇ ಉಳಿಯುತ್ತದೆ."

ಅವಳು ತನ್ನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ರೊಟ್ಟಿ ಮುರಿದು ಚಟ್ನಿಗೆ ಅದ್ದಿದಳು. ಸತ್ತವರ ಎಡೆಯನ್ನು ಬದುಕಿರುವವರು ಮುಟ್ಟಬಾರದು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೈದುನನ ಮಗ ಮುಖ ತಿರುಗಿಸಿದ. ಅವಳು ಆತುರವಿಲ್ಲದೆ, ಮನೆಯಲ್ಲಿ ಉಣ್ಣುವ ಹಾಗೆ ಉಂಡಳು. ಏನೂ ಉಳಿಸಲಿಲ್ಲ. ಕೈ ತೊಳೆದು ಎದ್ದಳು.

ಮನೆ ಮೈದುನನ ಮಗನ ಪಾಲಾಯಿತು. ನೂಲುವವಳು ರಾಟೆ ಹೊತ್ತುಕೊಂಡು ಬೇರೆ ಊರಿಗೆ ಹೋದಳು. ಅಲ್ಲಿ ಒಬ್ಬ ಹೆಂಗಸು ಇರಲು ಜಾಗ ಕೊಡುವ ಮೊದಲು, "ನಿನ್ನ ಕಡೆಯವರು ಯಾರೂ ಇಲ್ಲವೇ?" ಎಂದು ಕೇಳಿದಳು. ನೂಲುವವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಹೆಂಗಸು ಬಾಗಿಲು ಹಾಕಿಕೊಂಡಳು. ನೂಲುವವಳು ಮುಂದಿನ ಮನೆಯ ಬಾಗಿಲು ತಟ್ಟಿದಳು. ಅಲ್ಲಿ ಕೇಳಿದಾಗಲೂ ಅದನ್ನೇ ಹೇಳಿದಳು.

ಗುರು ಕತೆ ನಿಲ್ಲಿಸಿದರು.

ಕತೆ ಮುಗಿಯಿತೆಂದು ಶಿಷ್ಯನಿಗೆ ಅನ್ನಿಸಲಿಲ್ಲ.

"ಅವಳಿಗೆ ಜಾಗ ಸಿಕ್ಕಿತೇ?"

"ಕತೆ ಅದಲ್ಲ."

"ಗುರುಗಳೇ, ತಪ್ಪು ತಿಳಿಯಬೇಡಿ. ಯಜಮಾನ ಅವಳ ಒಳ್ಳೆಯದಕ್ಕೇ ಹೇಳಿದ. ಅವಳು ಒಪ್ಪಿದ್ದರೆ ಮನೆ ಉಳಿಯುತ್ತಿತ್ತು, ಊರು ಉಳಿಯುತ್ತಿತ್ತು. ಎಷ್ಟಾದರೂ ಅದು ಒಂದು ಸಣ್ಣ ಮಾತು."

ಗುರು ಅವನನ್ನೇ ನೋಡುತ್ತ ಹೇಳಿದರು:

"ಈ ಹಬ್ಬಕ್ಕೆ ಬರುವ ನೆಂಟರ ಮುಂದೆ ನಿನ್ನ ಹೆಂಡತಿಯ ಕೈಹಿಡಿದು 'ಇವಳು ನನ್ನ ತಂಗಿ' ಎಂದು ಹೇಳು, ಅದು ಎಷ್ಟು ಸಣ್ಣ ಮಾತು ಎಂಬುದನ್ನು ಆಮೇಲೆ ಬಂದು ನನಗೆ ತಿಳಿಸು."