ನೀಲಿ ರೇಷ್ಮೆಯ ಹಿಂದಿನ ಕಡಲು

ಇನ್ನೂ ಸ್ವಲ್ಪ ಹತ್ತಿರ ಬನ್ನಿ, ಮಕ್ಕಳೇ. ಕಡಲಿನ ಅಂಚಿಗೆ ಶಂಖಾವಳಿ ಅಂತ ಒಂದು ರಾಜ್ಯವಿತ್ತು. ಸೋಮರಾಯ ಎಂಬ ರಾಜ ಅದನ್ನು ಆಳುತ್ತಿದ್ದ. ಒಳ್ಳೆಯವನೇ, ಆದರೆ ಮಂಡಿನೋವಿನವನು. ಒಳಕೋಣೆಯ ಮಂಚ ಬಿಟ್ಟು ಏಳುತ್ತಿರಲಿಲ್ಲ.

ಆ ಊರಲ್ಲೊಂದು ಪದ್ಧತಿ. ಮಳೆ ತಗ್ಗಿ ಶ್ರಾವಣದ ನೂಲಹುಣ್ಣಿಮೆ ಬಂದಾಗ, ದೋಣಿಗಳು ನೀರಿಗಿಳಿಯುವ ಮೊದಲು, ಅರಮನೆಯ ಕಡಲ ಕಿಟಕಿಗೆ ಕಾಗದದ ಪರದೆ ಕಟ್ಟಬೇಕು. ಒಂದೇ ದೊಡ್ಡ ಹಾಳೆ. ಆ ವರ್ಷ ಕಡಲಲ್ಲಿ ಕಣ್ಣಾರೆ ಕಂಡ ಜೀವಗಳನ್ನು ಮಾತ್ರ ಅದರಲ್ಲಿ ಕತ್ತರಿಸಬೇಕು. ರಾಜ ಪಲ್ಲಕ್ಕಿಯಲ್ಲಿ ಬಂದು, ಒಂದೊಂದನ್ನೂ ಹೆಸರು ಹಿಡಿದು ಕರೆದು ಕೈ ಮುಗಿಯುತ್ತಿದ್ದ. ಆಮೇಲೆ ಎಲ್ಲರೂ ಕಡಲ ನೀರನ್ನು ತೀರ್ಥವೆಂದು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದರು.

ಪರದೆ ಕತ್ತರಿಸುವವಳು ಮಾಸ್ತಮ್ಮ. ಕೆಲಸ ಕಲಿಸಿದ್ದು ಅವಳ ಅಜ್ಜಿ. ಆಗಿನ ಕಡಲು ಎಂಥದ್ದು ಅಂತೀರಿ! ಬೂತಾಯಿ ಮೀನಿನ ಹಿಂಡು ಬಂದರೆ ನೀರು ಕುದಿಯುವ ಹಾಗೆ ಕಾಣುತ್ತಿತ್ತು. ಬೆಳಗ್ಗೆ ಮರಳಿನ ಮೇಲೆ ಆಮೆ ತೆವಳಿದ ಗುರುತು. ಅಜ್ಜಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಡಿದ್ದನ್ನು ಕೈಗೆ ಇಳಿಸುವುದು ಹೇಗೆಂದು ಹೇಳಿಕೊಡುತ್ತಿದ್ದಳು. ಅಂಥ ಕಡಲನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ.

ರಾಜನಿಗೊಬ್ಬ ಮಂತ್ರಿ, ದುಗ್ಗರಸ. ನಾಲಿಗೆಯಲ್ಲಿ ಬೆಲ್ಲ, ಬುದ್ಧಿಯಲ್ಲಿ ಬೇವು. ಹೊಳೆ ಕಡಲು ಸೇರುವಲ್ಲಿ ಅವನು ಬಟ್ಟೆಗೆ ಬಣ್ಣ ಹಾಕುವ ಮನೆ ಕಟ್ಟಿಸಿದ. ಬಣ್ಣದ ನೀರು ಕಡಲಿಗೆ. ಸುಣ್ಣದ ಚೀಲ ಕಡಲಿಗೆ. ಹರಿದ ಚಿಂದಿ ಕಡಲಿಗೆ.

ಮೊದಲ ವರ್ಷ ಆಮೆ ಬರಲಿಲ್ಲ. ಮಾಸ್ತಮ್ಮ ಆಮೆಯ ಜಾಗದಲ್ಲಿ ಕಡಲಲ್ಲಿ ಕಂಡ ಚಿಂದಿಯ ಆಕಾರವನ್ನೇ ಕತ್ತರಿಸಲು ಹೊರಟಳು. ದುಗ್ಗರಸ ಓಡಿ ಬಂದು, ಮುದಿ ರಾಜನ ಎದೆ ಒಡೆದೀತು ಎಂದು ಗೋಗರೆದ. ಅವಳಿಗೆ ಅಯ್ಯೋ ಅನ್ನಿಸಿತು. ನೆನಪಿನಿಂದಲೇ ಆಮೆ ಕತ್ತರಿಸಿದಳು. ಮೀನು ಎದ್ದು ಕಾಣಲಿ ಎಂಬ ನೆಪದಲ್ಲಿ ಮಂತ್ರಿ ಪರದೆಯ ಹಿಂದೆ ನೀಲಿ ರೇಷ್ಮೆ ಇಳಿಬಿಟ್ಟು ಕಡಲನ್ನು ಮರೆಮಾಡಿದ, ತೀರ್ಥಕ್ಕೂ ದೂರದ ಕಡಲಿಂದ ತಿಳಿನೀರು ತರಿಸಿದ. ರಾಜ ಇಲ್ಲದ ಆಮೆಗೆ ಕೈ ಮುಗಿದ. ಅವತ್ತು ಮಾಸ್ತಮ್ಮ ಬಡಿಸಿದ ಎಲೆಯ ಮುಂದಿನಿಂದ ಎದ್ದುಹೋದಳು.

ಎರಡನೇ ವರ್ಷ ಅಂಜಲ್ ಮೀನು ಬರಲಿಲ್ಲ. ಈ ಸಲ ಮಂತ್ರಿ ಗೋಗರೆಯಲಿಲ್ಲ, ಕತ್ತರಿ ಕಿತ್ತುಕೊಳ್ಳುತ್ತೇನೆ ಎಂದು ಗದರಿಸಿದ. ಅವಳು ಹೆದರಿ ಅಂಜಲನ್ನೂ ಕತ್ತರಿಸಿದಳು.

ಮೂರನೇ ವರ್ಷ ಬೂತಾಯಿಯೂ ಇಲ್ಲ. ಮೀನುಗಾರರ ಒಲೆ ತಣ್ಣಗಾಯಿತು. ರಾಜ ಕಡಲು ನೋಡುವುದು ಈ ಪರದೆಯಲ್ಲಿ ಮಾತ್ರ; ಇದೂ ಸುಳ್ಳು ಹೇಳಿದರೆ ಅವನಿಗೆ ಸತ್ಯ ಹೇಳುವವರು ಯಾರು? ಮಾಸ್ತಮ್ಮ ಅಜ್ಜಿಯನ್ನು ನೆನೆದು ಅತ್ತಳು. ಅತ್ತು ಮುಗಿಸಿ ಕತ್ತರಿ ಹಿಡಿದಳು.

ಹುಣ್ಣಿಮೆಯ ದಿನ ಪರದೆ ಏರಿತು. ಹಿಂದೆ ನೀಲಿ ರೇಷ್ಮೆ. ಬಿಳಿ ಕಾಗದದ ತುಂಬ ನೀಲಿ ಆಮೆ, ನೀಲಿ ಅಂಜಲ್, ನೀಲಿ ಬೂತಾಯಿ. ದುಗ್ಗರಸ ಬೀಗಿದ.

"ನೋಡಿ ಪ್ರಭು, ಒಂದೂ ಕಮ್ಮಿ ಇಲ್ಲ. ಬೆಳಗ್ಗೆ ದಡದಲ್ಲಿ ನಾನೇ ಕಂಡು ಬಂದೆ."

ಮಾಸ್ತಮ್ಮ ಮುಂದೆ ಬಂದಳು. ರೇಷ್ಮೆಯನ್ನು ಹಿಡಿದು ಸರ್ರನೆ ಎಳೆದಳು.

ಯಾವಾಗಲೂ ಅವಳು ಸುತ್ತಲಿನ ಕಾಗದ ತೆಗೆದು ಮೀನನ್ನು ಉಳಿಸುತ್ತಿದ್ದಳು. ಈ ಸಲ ಮೀನನ್ನೇ ತೆಗೆದು ಕಾಗದ ಉಳಿಸಿದ್ದಳು. ಪರದೆಯಲ್ಲಿ ಇದ್ದದ್ದು ಬರೀ ತೂತು. ಆಮೆಯಾಕಾರದ ತೂತಿನಲ್ಲಿ ನೇರಳೆ ನೊರೆ ಕಂಡಿತು. ಅಂಜಲಿನ ತೂತಿನಲ್ಲಿ ಚಿಂದಿಯ ರಾಶಿ. ಬೂತಾಯಿಗಳ ತೂತಿನಲ್ಲೆಲ್ಲ ಕಪ್ಪು ನೀರು.

"ಮಾಸ್ತಮ್ಮಾ, ನನ್ನ ಮೀನೆಲ್ಲಿ?" ರಾಜ ಪಲ್ಲಕ್ಕಿಯಿಂದ ಮುಂದಕ್ಕೆ ಬಾಗಿ ಕೇಳಿದ.

"ಇಲ್ಲ ಒಡೆಯಾ. ಎರಡು ವರ್ಷ ನಾನೂ ಸುಳ್ಳು ಕತ್ತರಿಸಿದೆ. ಇನ್ನು ಕೈ ಬರೂದಿಲ್ಲ."

ಇವಳಿಗೆ ತಲೆ ಕೆಟ್ಟಿದೆ, ಕಡಲು ಹಾಲಿನಂತಿದೆ ಎಂದು ದುಗ್ಗರಸ ಸಾಧಿಸತೊಡಗಿದ.

ಮಾಸ್ತಮ್ಮ ತಲೆಯಾಡಿಸಿ ಹೇಳಿದಳು: "ಮಂತ್ರಿಗಳು ಕಂಡಿದ್ದಾರೆ ಅಂದಮೇಲೆ ಮುಗೀತು ಒಡೆಯಾ. ಈ ಸಲ ತೀರ್ಥ ಅವರೇ ಮೊದಲು ತಗೊಳ್ಳಲಿ."

ತಂಬಿಗೆಯಲ್ಲಿ ಕಿಟಕಿಯ ಕೆಳಗಿನ ಕಡಲ ನೀರೇ ಬಂತು. ಮೊದಲ ಸಲ ಮಂತ್ರಿ ಶೀತ ಎಂದ. ಎರಡನೇ ಸಲ ಉಪವಾಸ ಎಂದ. ಮೂರನೇ ಸಲ ರಾಜ ಕಣ್ಣು ಕೆಂಪಗೆ ಮಾಡಿದಾಗ ಕೈ ಒಡ್ಡಿದ. ಅಂಗೈಯಲ್ಲಿ ತನ್ನದೇ ಬಣ್ಣದ ನೀರು. ಅದನ್ನು ತುಟಿಯವರೆಗೆ ತಂದವನು ನೆಲಕ್ಕೆ ಚೆಲ್ಲಿಬಿಟ್ಟ. ಬೇರೆ ಸಾಕ್ಷಿ ಯಾರಿಗೆ ಬೇಕು?

ಬಣ್ಣದ ಮನೆ ಮುಚ್ಚಿತು. ದುಗ್ಗರಸ ಸೊಂಟಮಟ್ಟ ನೀರಲ್ಲಿ ನಿಂತು ಚಿಂದಿ ಎಳೆಯುವ ಕೆಲಸಕ್ಕೆ ಬಿದ್ದ. ರಾಜ ಕೋಲೂರಿಕೊಂಡು ತಾನೇ ದಡಕ್ಕೆ ಹೋಗಿ ನೋಡುವುದನ್ನು ಕಲಿತ. ಆದರೆ ಮೀನು ಕರೆದ ಕೂಡಲೇ ಬಂದೀತೇ? ಮಾಸ್ತಮ್ಮನ ತಲೆ ಪೂರ್ತಿ ಬೆಳ್ಳಗಾದ ಮೇಲೆ ಬೂತಾಯಿ ಬಂತು. ಆಮೇಲೆ ಅಂಜಲ್ ಬಂತು. ಅವಳು ಖುಷಿಯಿಂದ ಅವನ್ನು ಕಾಗದದಲ್ಲಿ ಉಳಿಸಿದಳು. ಆಮೆ ಮಾತ್ರ ಬರಲೇ ಇಲ್ಲ. ಆಮೆಯ ಜಾಗದಲ್ಲಿ ಕೊನೆಯವರೆಗೂ ತೂತನ್ನೇ ಬಿಟ್ಟಳು.

ಇದರ ನೀತಿ ಇಷ್ಟೇ, ಮಕ್ಕಳೇ. ನಿಮ್ಮ ನಾಲಿಗೆಗೆ ಮುಟ್ಟಿಸಲಾಗದ್ದನ್ನು ಕಡಲಿಗೆ ಸುರಿಯಬೇಡಿ. ಯಾರಾದರೂ ಸುರಿದರೆ, ಅದರ ಮೇಲೆ ಚೆಂದದ ಪರದೆ ಕಟ್ಟಲು ಕೈ ಜೋಡಿಸಬೇಡಿ.