ತೊಗಟೆಯ ಕಡೆ

ಕೃಷ್ಣೆಯ ದಂಡೆಯ ಮೇಲೆ ಸಂಗವ್ವ ತಾಯಿಯ ಆಶ್ರಮವಿತ್ತು. ತಾಯಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಬಂದವರ ಊರು, ಕುಲ, ಹಿಂದಿನ ಬದುಕು ಯಾವುದನ್ನೂ ಆಕೆ ಕೇಳುತ್ತಿರಲಿಲ್ಲ.

ಹಾಗೆ ಕೇಳದಿದ್ದುದೇ ಶಿಷ್ಯ ನಿರುಪಾದಿಗೆ ಹಿತವಾಗಿತ್ತು.

ಅವನು ಕಲ್ಲುಗಣಿಯಲ್ಲಿ ಬೆಳೆದವನು. ಆಶ್ರಮಕ್ಕೆ ಬಂದ ಮೇಲೆ ಸಂಸ್ಕೃತ ಕಲಿತ, ಶಾಸ್ತ್ರ ಓದಿದ, ಮಾತು ತಿದ್ದಿಕೊಂಡ. ಗಣಿಯ ಕಡೆಯ ಒಂದು ಪದವೂ ಬಾಯಿಂದ ಜಾರದಂತೆ ನೋಡಿಕೊಂಡ. ಅವನ ಮಾತು ಕೇಳಿದವರು ಅವನನ್ನು ಪಂಡಿತರ ಮನೆಯವನೆಂದೇ ತಿಳಿಯುತ್ತಿದ್ದರು. ಅವನು ಅಲ್ಲವೆನ್ನುತ್ತಿರಲಿಲ್ಲ.

ಒಮ್ಮೆ ದೂರದ ಭಕ್ತರೊಬ್ಬರು ಕಲ್ಲಾದ ಮರದ ತುಂಡೊಂದನ್ನು ತಂದುಕೊಟ್ಟರು. ಯಾವ ಕಾಲದಲ್ಲೋ ಮಣ್ಣಲ್ಲಿ ಹೂತು, ನಾರುನಾರೂ ಕಲ್ಲಾಗಿಹೋದ ಮರ.

ಅದನ್ನು ಕಂಡದ್ದೇ ನಿರುಪಾದಿಯ ಕೈ ಸುಮ್ಮನಿರಲಿಲ್ಲ. ನುಣುಪು ಮಾಡುವ ಕೆಲಸವನ್ನು ತಾನೇ ಕೇಳಿ ಪಡೆದ. ನೀರು ಚಿಮುಕಿಸಿ, ಕಲ್ಲು ಉಜ್ಜುವ ಕುರುಂದದ ಪುಡಿ ಹಾಕಿ, ಕೈ ಸೋಲುವವರೆಗೆ ಉಜ್ಜಿದ. ಒಳಗಿನ ಉಂಗುರಗಳು ಒಂದೊಂದಾಗಿ ಮೇಲೆದ್ದವು. ಜೇನಿನ ಬಣ್ಣ, ಇಟ್ಟಿಗೆಯ ಬಣ್ಣ, ನಡುವೆ ಹಾಲಿನಂಥ ಗೆರೆ.

"ಎಲ್ಲಿ ಕಲಿತಿರಿ ಈ ವಿದ್ಯೆ?" ಎಂದು ಜೊತೆಯವರು ಬೆರಗಾದರು.

"ಎಲ್ಲ ಗುರುಕೃಪೆ," ಎಂದ ನಿರುಪಾದಿ.

ಬೆನ್ನ ಕಡೆ ಒರಟು ತೊಗಟೆ ಹಾಗೇ ಉಳಿದಿತ್ತು. ಅದನ್ನು ಗೋಡೆಗೆ ಮಾಡಿ, ಹೊಳೆಯುವ ಮುಖವನ್ನು ಜನರಿಗೆ ಮಾಡಿ, ಪ್ರಾರ್ಥನೆಯ ಮಂದಿರದಲ್ಲಿ ಪೀಠದ ಮೇಲಿಟ್ಟ.

ತಾಯಿ ಅದನ್ನು ಮುಟ್ಟಿ ಹರಸುವ ದಿನ ಬಂತು. ಊರೂರಿನ ಭಕ್ತರು ಸೇರಿದರು. ಅವರೆದುರು ನಿರುಪಾದಿಯ ಮೊದಲ ಪ್ರವಚನವೂ ಅಂದೇ.

ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ಮೈಮೇಲೆ ಮಾಸಿದ ಧೋತರ, ಹುಬ್ಬಿನ ಮೇಲೆಲ್ಲ ಕಲ್ಲಿನ ಧೂಳು, ಕಂಕುಳಲ್ಲಿ ಬುತ್ತಿಗಂಟು. ನಿರುಪಾದಿಯ ಅಪ್ಪ ಹುಲಗಪ್ಪ.

"ನಿನ್ನ ನೋಡಿ ಭಾಳ ದಿನ ಆಗಿತ್ತಪ್ಪ," ಎಂದ.

ನಿರುಪಾದಿ ಸುತ್ತ ನೋಡಿದ. "ಇಂದು ಸಭೆಯಿದೆ. ಮುಗಿಯುವವರೆಗೆ ಹಿಂದೆ ದನದ ಕೊಟ್ಟಿಗೆಯಲ್ಲಿ ಕುಳಿತಿರಿ."

ಅಷ್ಟರಲ್ಲಿ ಭಕ್ತರೊಬ್ಬರು ಹತ್ತಿರ ಬಂದರು. "ಯಾರಿವರು?"

"ಯಾರೋ ದಾರಿಹೋಕರು."

ಹುಲಗಪ್ಪ ಕೇಳಿಸಿಕೊಂಡ. ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಕೊಟ್ಟಿಗೆಯ ಕಡೆ ನಡೆದ.

ಸಭೆ ಕೂಡಿತು. ತಾಯಿಯನ್ನು ಕೈಹಿಡಿದು ಕರೆತಂದರು. ಆಕೆ ಹೊಳೆಯುವ ಮುಖದ ಮೇಲೆ ಅಂಗೈ ಆಡಿಸಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

"ಏನಪ್ಪ ಇದು?"

"ಕಲ್ಲಾದ ಮರ, ತಾಯಿ."

"ತಣ್ಣಗೈತಿ. ಕನ್ನಡಿ ಮುಟ್ಟಿದಂಗಾತು. ಮರ ಎಲ್ಲೈತಿ?"

ತಾಯಿಯ ಕೈ ಅಂಚು ದಾಟಿ ಹಿಂದಕ್ಕೆ ಸರಿಯಿತು.

"ಅಲ್ಲಿ ಬೇಡ ತಾಯಿ, ಒರಟಿದೆ. ಕೈ ತರಚೀತು."

ತಾಯಿ ಕೈ ತೆಗೆಯಲಿಲ್ಲ. ಬೆರಳುಗಳು ತೊಗಟೆಯ ಸೀಳುಗಳಲ್ಲಿ ಇಳಿದವು, ಗಂಟುಗಳನ್ನು ಏರಿದವು, ಎಂದೋ ಕೊಂಬೆಯೊಂದು ಮುರಿದ ಕುಳಿಯಲ್ಲಿ ತಂಗಿದವು. ಆಕೆಯ ಮುಖ ಅರಳಿತು.

"ಇಲ್ಲೈತಲ್ಲೋ!" ಎಂದಳು. "ತಿರುಗಿಸಿ ಇಡು."

ಮಂದಿರದಲ್ಲಿ ಗುಸುಗುಸು ಎದ್ದಿತು. ನಿರುಪಾದಿಯ ಕಿವಿ ಬಿಸಿಯಾಯಿತು. ಅಷ್ಟು ದಿನದ ಕೆಲಸ! ಆದರೂ ಗುರುವಿನ ಮಾತು. ಕಲ್ಲನ್ನು ತಬ್ಬಿ ತಿರುಗಿಸಿದ. ಹೊಳಪು ಗೋಡೆಗೆ ಹೋಯಿತು, ತೊಗಟೆ ಜನರ ಕಡೆ ಬಂತು.

ಆಗ ಹಿತ್ತಲಿಂದ ಕೆಮ್ಮು ಕೇಳಿಸಿತು. ಎದೆಯೊಳಗೆ ಧೂಳು ತುಂಬಿದವರ ಕೆಮ್ಮು, ಒಮ್ಮೆ ಶುರುವಾದರೆ ನಿಲ್ಲದ್ದು.

"ಹಿಂದ ಯಾರದಾರ?" ತಾಯಿ ಕೇಳಿದಳು.

ಬೆಳಿಗ್ಗೆ ದಾರಿಹೋಕನೆಂದು ಕೇಳಿಸಿಕೊಂಡಿದ್ದ ಭಕ್ತರು ಅಲ್ಲೇ ಮುಂದಿನ ಸಾಲಿನಲ್ಲಿದ್ದರು. ನಿರುಪಾದಿ ಬಾಯಿ ತೆರೆದ. ಅದೇ ಮಾತು ನಾಲಿಗೆಯ ತುದಿಗೆ ಬಂತು, ಆದರೆ ಹೊರಬರಲಿಲ್ಲ. ಕೆಮ್ಮು ಮಾತ್ರ ಕೇಳಿಸುತ್ತಲೇ ಇತ್ತು.

"ನಮ್ಮಪ್ಪ ಅದಾನ್ರೀ, ಯವ್ವಾ," ಎಂದ. "ಕಲ್ಲ ಒಡಿಯಾಂವ. ಈ ಕೆಲಸ ನನಗ ಕಲಿಸಿದಾಂವ ಅವನ. ನಾನು ಅವನ್ನ ದನದ ಕೊಟ್ಟಿಗ್ಯಾಗ ಕುಂದರಿಸೇನ್ರೀ."

ಆಶ್ರಮಕ್ಕೆ ಬಂದ ಮೇಲೆ ಅವನ ಬಾಯಲ್ಲಿ ಗಣಿಯ ಕಡೆಯ ಮಾತನ್ನು ಯಾರೂ ಕೇಳಿರಲಿಲ್ಲ.

"ಮತ್ತ ಇನ್ನೂ ಇಲ್ಲೇ ನಿಂತೀಯಲ್ಲ," ಎಂದಳು ತಾಯಿ.

ನಿರುಪಾದಿ ಓಡಿದ. ಕೊಟ್ಟಿಗೆಯಲ್ಲಿ ಅಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮಗ ಅವನ ಕಾಲಿಗೆ ಬಿದ್ದ. "ಏಳೋ ಹುಚ್ಚಪ್ಯಾಲಿ, ಸೆಗಣಿ ಹತ್ತತೈತಿ," ಎಂದು ಅಪ್ಪ ಎಬ್ಬಿಸಿದ.

ನಿರುಪಾದಿ ಅಪ್ಪನ ತೋಳು ಹಿಡಿದು ಮಂದಿರಕ್ಕೆ ಕರೆತಂದ. ಜನ ದಾರಿ ಬಿಟ್ಟರು. ತಾಯಿ ಎರಡೂ ಕೈ ಮುಂದೆ ಚಾಚಿದಳು.

ಹುಲಗಪ್ಪ ಹಿಂಜರಿದ. ಕೈಗಳನ್ನು ಧೋತರಕ್ಕೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಬ್ಯಾಡ್ರಿ ತಾಯಿ. ನನ್ನ ಕೈ ಭಾಳ ಒರಟ ಅದಾವು."

"ಕೊಡಪ್ಪ," ಎಂದಳು ತಾಯಿ. "ಕಣ್ಣಿಲ್ಲದಾಕಿ ನಾನು. ನುಣ್ಣಗಿದ್ದರ ನನಗ ಯಾರೂ ಕಾಣೂದಿಲ್ಲ."